ಮಹಾನಾಯಕನಿಗೊಂದು ಲೋಟ ಹಾಲು

ಗಡಿಯಾಚೆಯ ಮಹಾನಾಯಕ ಭಾಷಣ ಶುರು ಮಾಡುವ ಹೊತ್ತಿಗೆ ನೀಲಗಂಗವ್ವ ಎಂದಿನಂತೆ ರೇಡಿಯೋ ಮುಂದೆ ಒಂದು ಲೋಟ ಎಮ್ಮೆ ಹಾಲು ಇಟ್ಟಳು. ಸುಳ್ಳು ಕೇಳಿದರೆ ಹಾಲು ಒಡೆಯುವುದು ಆ ಊರಿನಲ್ಲಿ ಯಾರಿಗೂ ಹೊಸದಲ್ಲ.

"ನಮ್ಮ ಫಿರಂಗಿಗಳನ್ನೆಲ್ಲ ಕರಗಿಸಿ ಹೊಲಿಗೆ ಯಂತ್ರ ಮಾಡುತ್ತೇವೆ. ನಮಗೆ ಬೇಕಾಗಿರುವುದು ಶಾಂತಿಯೊಂದೇ!" ಎಂದ ಮಹಾನಾಯಕ. ರಾಜಧಾನಿಯಲ್ಲಿ ಕೂತ ನಮ್ಮ ಮಂತ್ರಿಗಳು ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ಪಾಪ, ಅಲ್ಲಿ ಸಿಗುವುದು ಪುಡಿ ಹಾಲು. ಅದು ಏನು ಕೇಳಿದರೂ ಒಡೆಯುವುದಿಲ್ಲ.

ನೀಲಗಂಗವ್ವನ ಲೋಟದಲ್ಲಿ ಹಾಲು ಗಡ್ಡೆಗಟ್ಟಿ ನೀರು ಬೇರೆಯಾಗಿತ್ತು.

"ಬಾಷಾಸಾಬ್ರ, ಹಾಲು ಒಡೀತ್ರೀ!" ಎಂದು ಪಕ್ಕದ ಮನೆಗೆ ಕೂಗಿದಳು.

"ನಮ್ಮನ್ಯಾಗೂ ಒಡದೈತಿ ಬೇ. ಚಕ್ಕಡಿ ಹೂಡ್ತೀನಿ, ಎಮ್ಮಿ ಬಿಚ್ಕೊಂಡು ಬಾ."

ಸಂಜೆಯೊಳಗೆ ಊರು ಖಾಲಿಯಾಯಿತು. ಮೂರನೇ ದಿನ ಬಾಂಬು ಬಿದ್ದಾಗ ಉರುಳಿದ್ದು ಬರೀ ಗೋಡೆಗಳು. ಊರಿನ ಜನರೆಲ್ಲ ಗುಡ್ಡದಾಚೆ ಒಬ್ಬರೂ ಕಡಿಮೆಯಾಗದೆ ಕೂತಿದ್ದರು.

ನೀಲಗಂಗವ್ವ ಎಮ್ಮೆಯ ಹಣೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡು ಹಾಲು ಕರೆದಳು. ಅಷ್ಟರಲ್ಲಿ ಯಾರದೋ ರೇಡಿಯೋದಲ್ಲಿ ಮಹಾನಾಯಕ ಮತ್ತೆ ಶಾಂತಿಯ ಮಾತೆತ್ತಿದ.

"ಬಂದ್ ಮಾಡ್ರಿ ಅದನ್ನ," ಎಂದಳು ನೀಲಗಂಗವ್ವ. "ಈ ಹಾಲು ನಮಗ ಕುಡ್ಯಾಕ ಬೇಕು."