ಬೂಟಿನ ಪ್ರಸಂಗ

ಮೂವರಲ್ಲಿ ಒಬ್ಬರೂ ಪುಸ್ತಕ ಓದಿ ಬಂದಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಿವೃತ್ತ ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಳ್ಳುತ್ತಾ, ಇವತ್ತು ಈ ಹಿಂಡಿನ ಬಂಡವಾಳ ಬಯಲು ಮಾಡಿಯೇ ತೀರುತ್ತೇನೆ ಎಂದುಕೊಂಡರು.

ಪುಸ್ತಕ ಬಳಗ ಅವರದೇ ಕೂಸು. ಕಾಲೇಜು ಬಿಟ್ಟ ಮೇಲೆ ಅವರ ಮಾತು ಕೇಳುವವರೇ ಇಲ್ಲವಾದರು. ಮಾತು ಹೊಟ್ಟೆಯಲ್ಲೇ ಹುಳಿಯತೊಡಗಿದಾಗ ಬಡಾವಣೆಯ ಅಂಗಡಿಗಳಲ್ಲಿ ಚೀಟಿ ಅಂಟಿಸಿ, ನಡುಮನೆಯಲ್ಲಿ ಕುರ್ಚಿ ಹಾಕಿಸಿದರು. ಮೊದಲ ಸಲ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ತರಬೇಕಾಯಿತು. ಆದರೆ ಮೊದಲ ಮಾತು ಅವರದು, ಕೊನೆಯ ಮಾತೂ ಅವರದು, ನಡುವೆ ಯಾರಾದರೂ ಬಾಯಿ ತೆರೆದರೆ ತಿದ್ದುವುದೂ ಅವರದೇ. ಬಂದ ದಾರಿಗೆ ಸುಂಕವಿಲ್ಲವೆಂದು ಜನ ಒಬ್ಬೊಬ್ಬರಾಗಿ ಜಾರಿಕೊಂಡರು.

ಉಳಿದವರು ಈ ಮೂವರು. ಹಲ್ಲಿನ ಡಾಕ್ಟರು, ಅವರಿಗೆ ಪ್ರಿನ್ಸಿಪಾಲರು ಮನಸ್ಸಿನಲ್ಲೇ ಇಟ್ಟ ಹೆಸರು ಹಲ್ಲುಗಿಂಜ. ಏನು ಹೇಳಿದರೂ ತಲೆಯಾಡಿಸುವ ವಿಮೆ ಏಜೆಂಟ್ ಹೂಂಗುಟ್ಟಪ್ಪ. ಪುಸ್ತಕದ ಮಾತೆತ್ತಿದರೆ ಕಣ್ಣೊರೆಸಿಕೊಳ್ಳುವ ಎದುರು ಮನೆಯ ನರ್ಸಮ್ಮ ಅಳುಮುಂಜಿ.

ಹೆಂಡತಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. "ನಾನೂ ಬಂದು ಕೂತ್ಕೊಳ್ಲಾ?" ಎಂದು ಶುರುವಿನಲ್ಲಿ ಒಮ್ಮೆ ಕೇಳಿದ್ದಳು. "ನೀನು ಚಹಾ ನೋಡ್ಕೋ. ಇದು ಅಡುಗೆ ಮಾಡಿದ ಹಾಗಲ್ಲ" ಎಂದಿದ್ದರು. ನಕ್ಕು ಒಳಗೆ ಹೋಗಿದ್ದಳು.

ಈ ತಿಂಗಳ ಪುಸ್ತಕ ನರ್ಸಮ್ಮನ ಆಯ್ಕೆ. ಯಾರೋ ಹೊಸಬರ ಕಾದಂಬರಿ, ಮೇಲಿದ್ದ ಕಾವ್ಯನಾಮವೇ ಕೇಳಿದ್ದಲ್ಲ. ಪ್ರಿನ್ಸಿಪಾಲರು ಮೊದಲ ಪುಟ ನೋಡಿ ಬದಿಗಿಟ್ಟರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕು.

"ಹೇಗಿದೆ ಈ ಸಲದ್ದು?" ಎಂದು ಹೆಂಡತಿ ಕೇಳಿದ್ದಳು.

"ಕಸ."

"ಪೂರ್ತಿ ಓದಿದ್ರಾ?"

"ಕಸಾನ ಯಾರಾದ್ರೂ ಪೂರ್ತಿ ಓದ್ತಾರಾ?"

ಆದರೂ ಈ ಮೂವರು ಅದನ್ನು ಹಾಡಿ ಹೊಗಳುವುದು ಖಂಡಿತ. ಅದಕ್ಕೇ ಬಲೆ ಹೆಣೆದರು. ಯಾವ ಪುಸ್ತಕದಲ್ಲೂ ಇರಲು ಸಾಧ್ಯವೇ ಇಲ್ಲದ ಪ್ರಸಂಗವೊಂದನ್ನು ಆರಿಸಿಕೊಂಡರು.

"ಎಲ್ಲರೂ ಓದಿದ್ದೀರಿ ತಾನೆ?" ಎಂದು ಗಂಟಲು ಸರಿಪಡಿಸಿಕೊಂಡರು. "ಹಾಗಾದ್ರೆ ಆ ಬೂಟಿನ ಪ್ರಸಂಗ ಹೇಳಿ. ಅಪ್ಪನ ಹೆಣ ಇನ್ನೂ ಮಂಚದ ಮೇಲಿರೋವಾಗ್ಲೇ ಮಗ ಅವರ ಹೊಸ ಬೂಟು ಹಾಕ್ಕೊಂಡು ಕನ್ನಡಿ ಮುಂದೆ ನಡೆದು ನೋಡ್ತಾನಲ್ಲ. ಹೇಗನ್ನಿಸ್ತು?"

ಏಜೆಂಟ್ ಎಂದಿನಂತೆ ತಲೆಯಾಡಿಸಿದ. "ಮೈ ಜುಮ್ಮಂತು ಸಾರ್."

"ಎಂಥಾ ನೀಚ!" ಎಂದರು ಡಾಕ್ಟರು. "ಆದ್ರೂ ಓದ್ತಾ ಓದ್ತಾ ನಗು ಬಂತು."

ನರ್ಸಮ್ಮ ಕಣ್ಣೊರೆಸಿಕೊಂಡರು. "ನನಗೆ ಅವನ ಹೆಂಡ್ತಿನ ನೆನೆಸ್ಕೊಂಡ್ರೇ ಸಂಕಟ. ಇಂಥವನ ಜೊತೆ ಜೀವಮಾನವೆಲ್ಲಾ ಏಗೋದು ಅಂದ್ರೆ!"

ಪ್ರಿನ್ಸಿಪಾಲರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಾವು ಆ ಮಗನ ಹೆಂಡತಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಅಳುಮುಂಜಿ ಇಲ್ಲದವಳನ್ನು ಹುಟ್ಟಿಸಿ, ಅವಳಿಗಾಗಿ ಅತ್ತೂ ಮುಗಿಸಿದ್ದಳು! ಎದ್ದು ನಿಂತರು.

"ನಾಚಿಕೆ ಆಗ್ಬೇಕು ನಿಮಗೆ! ಅಂಥ ಪ್ರಸಂಗ ಈ ಪುಸ್ತಕದಲ್ಲಿ ಇಲ್ವೇ ಇಲ್ಲ. ನಿಮ್ಮನ್ನ ಪರೀಕ್ಷೆ ಮಾಡೋಕೆ ನಾನೇ ಹೇಳಿದ್ದು. ಪುಸ್ತಕ ಮುಟ್ಟದೆ ಚಹಾ ಕುಡಿಯೋಕೆ ಬರೋರಿಗೆ ಬಳಗ ಒಂದು ಕೇಡು. ಇವತ್ತಿಗೆ ಮುಗೀತು. ಎದ್ದು ನಡೀರಿ."

ಯಾರೂ ಏಳಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡರು. ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಇದೆಯಲ್ಲ ಸಾರ್?" ಡಾಕ್ಟರು ಗಲಿಬಿಲಿಯಿಂದ ಪುಸ್ತಕ ಬಿಡಿಸಿದರು. "ಇಡೀ ಕಾದಂಬರಿಯ ಜೀವವೇ ಅದಲ್ವಾ?" ಹಾಳೆ ಮಗುಚಿ ಗಟ್ಟಿಯಾಗಿ ಓದತೊಡಗಿದರು. "'ಬಾಗಿಲಿಗೆ ಅಗುಳಿ ಹಾಕಿ ಬಂದವನು ಮಂಚದಡಿಯಿಂದ ಅಪ್ಪನ ಹೊಸ ಬೂಟು ಎಳೆದ. ಕಾಲು ತೂರಿಸಿ ಕನ್ನಡಿಯವರೆಗೆ ನಡೆದ, ತಿರುಗಿ ಬಂದ. ಹೆಣದ ತಲೆದೆಸೆಯಲ್ಲಿ ಕೂತಿದ್ದ ಹೆಂಡತಿ ಕೇಳಿದಳು: ಅಳತೆ ಸರಿಯಾಯ್ತಾ? ಹಾಗಿದ್ರೆ ಇನ್ನು ಅಳೋಣ.'"

ಹೂಂಗುಟ್ಟಪ್ಪ ಮೊದಲ ಸಲ ತಲೆಯಾಡಿಸಲಿಲ್ಲ. "ಅಂದ್ರೆ ಸಾರ್... ನೀವೇ ಓದಿಲ್ವಾ?"

ಪ್ರಶ್ನೆ ಪ್ರಿನ್ಸಿಪಾಲರ ಕಿವಿಗೆ ಬೀಳಲಿಲ್ಲ. 'ಇನ್ನು ಅಳೋಣ' ಎಂಬ ಮಾತನ್ನು ಅವರು ಇದಕ್ಕೂ ಮುಂಚೆ ಒಮ್ಮೆ ಕೇಳಿದ್ದರು. ತಮ್ಮ ಅಪ್ಪ ತೀರಿಹೋದ ಬೆಳಗ್ಗೆ, ಅಗುಳಿ ಹಾಕಿದ ಕೋಣೆಯಲ್ಲಿ, ಕಾಲಿಗೆ ಬೂಟು ಹಾಕಿಕೊಂಡು ನಿಂತಿದ್ದಾಗ. ಆ ಕೋಣೆಯಲ್ಲಿ ಜೀವವಿದ್ದವರು ಇಬ್ಬರೇ.

ಕಾದಂಬರಿಯ ಲೇಖಕಿ ಬಾಗಿಲಿನಿಂದ ಮುಂದೆ ಬಂದು, ಚಹಾದ ಮೊದಲ ಲೋಟವನ್ನು ಗಂಡನ ಕೈಗಿಟ್ಟರು.