ಕುಡಿದುಬಿಟ್ಟ ಸಾಕ್ಷಿ

ಸೊಸೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವ ಸಾಕ್ಷಿಯನ್ನು ಕುಡಿದು ಮುಗಿಸಿದ್ದರು.

ಮೇಜಿನ ಮೇಲೆ ಹತ್ತಿಯ ಪೊಟ್ಟಣ ಬಿಚ್ಚಿ ಬಿದ್ದಿತ್ತು. ಅದರೊಳಗೆ ಇದ್ದದ್ದು ಒಂದೇ ಒಂದು ಹಳೆಯ ಕಾಫಿ ಕ್ಯಾಪ್ಸೂಲ್, ಯಂತ್ರಕ್ಕೆ ಹಾಕಿದರೆ ಒಂದು ಲೋಟ ಕಾಫಿ ಇಳಿಸುವ, ಪುಡಿ ತುಂಬಿದ ಪುಟ್ಟ ಡಬ್ಬಿ. ಹಿಂದೆ ಬೇರೊಂದು ಕಡೆ ಕ್ಯಾಪ್ಸೂಲಿನ ಅಚ್ಚು ಮಾಡುತ್ತಿದ್ದ, ಈಗ ನಿವೃತ್ತನಾದ ಕೆಲಸಗಾರನೊಬ್ಬನನ್ನು ಕಾಡಿ ಬೇಡಿ ನಿನ್ನೆಯಷ್ಟೇ ತಂದದ್ದು. ಬಿಸಿನೀರಿನ ಒತ್ತಡಕ್ಕೆ ತಾನಾಗಿಯೇ ಬಿರಿಯುವ ಮುಚ್ಚಳ ತನ್ನ ಪೇಟೆಂಟು, ಬೇರೆ ಯಾರೂ ಅಂಥದ್ದನ್ನು ಮಾಡಕೂಡದು ಎಂದು ದೊಡ್ಡ ಕಂಪನಿಯೊಂದು, ಅಂಥದೇ ಕ್ಯಾಪ್ಸೂಲ್ ಮಾಡುವ ಸೊಸೆಯ ಪುಟ್ಟ ಕಾರ್ಖಾನೆಯ ಮೇಲೆ ಮುಗಿಬಿದ್ದಿತ್ತು. ಕಂಪನಿಗಿಂತ ಮೊದಲೇ ಇನ್ನೊಬ್ಬರು ಅದನ್ನು ಮಾಡಿದ್ದರೆಂದು ತೋರಿಸಿದರೆ ಪೇಟೆಂಟು ಬೀಳುತ್ತದೆ, ಕಾರ್ಖಾನೆ ಉಳಿಯುತ್ತದೆ. ಹಳೆಯ ಕ್ಯಾಪ್ಸೂಲಿನ ಅಡಿಯಲ್ಲಿ ಪೇಟೆಂಟಿಗಿಂತ ಹಿಂದಿನ ಇಸವಿಯನ್ನೂ ಒತ್ತಿದ್ದರು. ವಿಚಾರಣೆ ಇವತ್ತು ಬೆಳಿಗ್ಗೆಯೇ.

ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದುಂಟು. ಇಲ್ಲಿ ಬಾಯಿಗೇ ಹೋಗಿತ್ತು, ಅದೂ ಮಾವನ ಬಾಯಿಗೆ.

"ಅಷ್ಟು ಜೋಪಾನವಾಗಿ ಸುತ್ತಿಟ್ಟಿದ್ದೆಯಲ್ಲಮ್ಮ, ಏನೋ ವಿಶೇಷ ಇರಬೇಕು ಅಂದ್ಕೊಂಡೆ," ಎಂದರು ಮಾವ.

ಸೊಸೆಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಯಂತ್ರದ ಕಸದ ಡಬ್ಬಿಯೊಳಗೆ ಕೈಹಾಕಿ ಕ್ಯಾಪ್ಸೂಲನ್ನು ಹೆಕ್ಕಿದಳು, ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತಳು. ಬೇರೆ ಕ್ಯಾಪ್ಸೂಲುಗಳಲ್ಲಿ ಯಂತ್ರ ಚುಚ್ಚುವ ಸೂಜಿಯ ತೂತು ಈ ಮುಚ್ಚಳದಲ್ಲಿ ಒಂದೂ ಇರಲಿಲ್ಲ. ಮೊಗ್ಗು ಅರಳಿದ ಹಾಗೆ ಅದು ನಡುವಿನಿಂದ ಎಸಳೆಸಳಾಗಿ ಬಿರಿದಿತ್ತು. ಮುಚ್ಚಿದ ಕ್ಯಾಪ್ಸೂಲ್ ಏನು ಹೇಳುತ್ತಿತ್ತು? ಹೀಗೊಂದು ಇತ್ತು ಎಂದಷ್ಟೇ. ಇದೀಗ ಕೆಲಸ ಮಾಡಿ ತೋರಿಸಿತ್ತು!

"ಮಾವ, ಒಗೆದ ಅಂಗಿ ಹಾಕ್ಕೊಳ್ಳಿ. ನೀವೂ ಬರ್ತಿದ್ದೀರಿ."

ವಿಷಯ ಕೇಳಿ ಅವಳ ವಕೀಲರು ಮೊದಲು ತಲೆಯ ಮೇಲೆ ಕೈಹೊತ್ತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಚಾರಣೆಯಲ್ಲಿ ಅಧಿಕಾರಿ ಬಿರಿದ ಮುಚ್ಚಳವನ್ನು ಭೂತಗನ್ನಡಿಯಲ್ಲಿ ನೋಡಿದರು, ಇಸವಿಯನ್ನು ಎರಡು ಸಲ ಓದಿಕೊಂಡರು. ಕ್ಯಾಪ್ಸೂಲ್ ಹಾಕಿದ್ದು, ಗುಂಡಿ ಒತ್ತಿದ್ದು, ಒಳಗೆ ಟಪ್ಪೆಂದದ್ದು, ಕಾಫಿ ಇಳಿದದ್ದು ಎಲ್ಲವನ್ನೂ ಮಾವ ಮದುವೆ ಮಾತುಕತೆಗೆ ಕೂತವರ ಹಾಗೆ ನಿಧಾನವಾಗಿ ಹೇಳಿದರು. ಕಂಪನಿಯ ವಕೀಲರ ಹಣೆ ಬೆವರಿತು. ಆ ವಕೀಲರು ಅಲ್ಲಿಗೇ ಸುಮ್ಮನಿದ್ದಿದ್ದರೆ ಸಾಕಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಕಂಡಂತೆ ಅವರಿಗೊಂದು ಪ್ರಶ್ನೆ ಹೊಳೆಯಿತು.

"ಅಷ್ಟು ಹಳೇ ಪುಡಿ. ಇಳಿದದ್ದು ಬರೀ ಬಣ್ಣದ ನೀರಲ್ಲ, ಕುಡಿಯೋ ಕಾಫೀನೇ ಅಂತ ಹೇಗೆ ಹೇಳ್ತೀರಿ ಯಜಮಾನರೇ?"

ಮಾವ ಸೊಸೆಯ ಕಡೆ ನೋಡಿದರು. ಚೆನ್ನಾಗಿತ್ತು ಅನ್ನಿ ಮಾವ, ಒಂದೇ ಒಂದು ಮಾತು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಕಾಫೀನೇ, ಆದ್ರೆ ಬರೀ ಸಪ್ಪೆ. ನಮ್ಮ ಸೊಸೆ ಮಾಡೋದಲ್ಲ ಅಂತ ಮೊದಲ ಗುಟುಕಿಗೇ ಗೊತ್ತಾಯ್ತಪ್ಪ. ನಿಮ್ಮ ಕಂಪನೀದೇ ಅಂದ್ಕೊಂಡು ಸುಮ್ನೆ ಕುಡಿದೆ."