ಎರಡನೆಯ ಜ್ವರ

ಸೊಳ್ಳೆಜ್ವರ ವರ್ಷವಿಡೀ ಕಾಡತೊಡಗಿದ ಮೇಲೆ ಗದಗಿನ ಬೀದಿಗಳಿಗೂ ಪರದೆ ಕಟ್ಟಿದ್ದರು. ಯಾವ ಮಾತ್ರೆಗೂ ಬಗ್ಗದ ಆ ಜ್ವರ ನೆಲಬೇವಿನ ಕಷಾಯಕ್ಕೆ ಇಳಿಯುತ್ತಿತ್ತು. ಆದರೆ ಒಂದು ಜನ್ಮಕ್ಕೆ ಒಮ್ಮೆ ಮಾತ್ರ. ಎರಡನೆಯ ಸಲ ಕುಡಿದವರು ರಕ್ತ ಕಾರಿ ಸಾಯುತ್ತಿದ್ದರು. ಅದಕ್ಕೇ ಕುಡಿದವರ ಮುಂಗೈಗೆ ಎಲೆಯ ಹಚ್ಚೆ ಹಾಕುತ್ತಿದ್ದರು.

ಆ ಮಧ್ಯಾಹ್ನ ನೇಕಾರ ವಿರೂಪಾಕ್ಷಪ್ಪ ತನ್ನ ಮಗಳು ನೀಲಗಂಗಾಳನ್ನು ನಾಟಿ ವೈದ್ಯೆ ಫಕೀರವ್ವನ ಮನೆಗೆ ಹೊತ್ತು ತಂದ. ಹುಡುಗಿಯ ಮೈ ಕೆಂಡದಂತೆ ಸುಡುತ್ತಿತ್ತು. ಫಕೀರವ್ವ ಅವಳ ಮುಂಗೈ ತಿರುಗಿಸಿ ನೋಡಿದಳು. ಹಚ್ಚೆ ಇತ್ತು.

"ಸಣ್ಣಾಕಿ ಇದ್ದಾಗ ಕುಡದಾಳಲ್ಲಪ್ಪಾ. ಮತ್ತ ಕೊಟ್ರ ಉಳಿಯೂದಿಲ್ಲ."

"ಕೊಡಲಿಲ್ಲಂದ್ರೂ ಉಳಿಯೂದಿಲ್ಲಲ್ಲ ಯವ್ವಾ! ಏನರ ಕೊಡು, ನಿನ್ನ ಕಾಲಿಗೆ ಬೀಳ್ತೀನಿ."

ಫಕೀರವ್ವ ಒಳಗೆ ಹೋಗಿ ನೆಲಬೇವಿನ ಬದಲು ಹಿತ್ತಲಿನ ಬೇವಿನಮರದ ಎಲೆ ಕುದಿಸಿದಳು. ಅದರಿಂದ ಏನೂ ಆಗದೆಂದು ಅವಳಿಗೆ ಗೊತ್ತಿತ್ತು. "ಇದು ಎರಡನೇ ಸಲದವರಿಗೆ ಕೊಡೂ ಔಷಧ" ಎಂದು ಬಟ್ಟಲನ್ನು ಹುಡುಗಿಯ ತುಟಿಗೆ ಹಿಡಿದಳು.

ಮೊದಲ ಗುಟುಕಿಗೇ ನೀಲಗಂಗಾಳಿಗೆ ಅದು ಬರೀ ಬೇವೆಂದು ತಿಳಿಯಿತು. ಫಕೀರವ್ವನ ಮುಖ ನೋಡಿದಳು. ಫಕೀರವ್ವ ತಲೆ ತಗ್ಗಿಸಿದಳು. ಹುಡುಗಿ ಬಟ್ಟಲು ಬರಿದಾಗುವವರೆಗೂ ಕುಡಿದು ತಂದೆಯತ್ತ ತಿರುಗಿದಳು.

"ಅಪ್ಪಾ, ಈಗ ಸ್ವಲ್ಪ ಹಗುರ ಆತು. ನೀ ಮಲಕೋ."

ನಿದ್ದೆಗೆಟ್ಟಿದ್ದ ವಿರೂಪಾಕ್ಷಪ್ಪ ಗೋಡೆಗೆ ಒರಗಿದವನೇ ಗೊರಕೆ ಹೊಡೆಯತೊಡಗಿದ. ಫಕೀರವ್ವ ಹುಡುಗಿಯ ಕೈ ಹಿಡಿದು ಕೂತಳು. ಸಂಜೆಯ ಹೊತ್ತಿಗೆ ಹುಡುಗಿಯ ಉಸಿರು ನಿಂತು ಆ ಕೈ ತಣ್ಣಗಾಯಿತು.

ಫಕೀರವ್ವ ವಿರೂಪಾಕ್ಷಪ್ಪನನ್ನು ಕೂಡಲೇ ಎಬ್ಬಿಸಲಿಲ್ಲ.